ಬೇರೆ ಕೆಲಸ ಬಿಟ್ಟು ನರ್ಸಿಂಗ್‌ಗೆ ಬರುವವರಿಗೆ: ಜಿಎನ್‌ಎಂ, ಬಿಎಸ್ಸಿ, ಅದರ ಮುಂದಿನ ದಾರಿ

ಈ ವರ್ಷ ಮೂರು ಜನ ನನ್ನ ಹತ್ತಿರ ಒಂದೇ ಮಾತು ಕೇಳಿದರು. ಒಬ್ಬಳು ಶಹಾಪುರದವಳು. ಬಿಕಾಂ ಮುಗಿಸಿ ಫೈನಾನ್ಸ್ ಕಂಪನಿ ಸೇರಿದ್ದಾಳೆ, ಕಂತು ವಸೂಲಿಗೆ ಸ್ಕೂಟಿ ಮೇಲೆ ಊರೂರು ತಿರುಗುತ್ತಾಳೆ. ಇನ್ನೊಬ್ಬ ಹುಮನಾಬಾದಿನ ಲ್ಯಾಬ್ ಟೆಕ್ನಿಷಿಯನ್. ಮೂರನೆಯವರು ಕಲಬುರಗಿ ತಾಲ್ಲೂಕಿನ ಆಶಾ ಕಾರ್ಯಕರ್ತೆ, ವಯಸ್ಸು ಮೂವತ್ತನಾಲ್ಕು. "ಅಕ್ಕೋರೆ, ಈಗ ನರ್ಸಿಂಗ್ ಮಾಡ್ಲಾಕ ಬರ್ತದೇನ್ರಿ? ಬಂದ್ರ ಯಾವ್ದು ಮಾಡ್ಬೇಕು?"

ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಅದಕ್ಕೆ ಕಾರಣ ಏನು ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನೂ ಇದೇ ದಾರಿಯಲ್ಲಿ ಬಂದವಳು. ಬಿಎ, ಬಿಎಡ್ ಮಾಡಿ ಆಳಂದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ತೇಳಕ್ಕೆ ಜಿಎನ್‌ಎಂ, ಅಂದರೆ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಸೇರಿದೆ, ಆಮೇಲೆ ಡಿಪ್ಲೊಮಾ ಆದವರು ಪದವಿಗಾಗಿ ಓದುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದೆ. ಈಗ ಕಲಬುರಗಿಯಲ್ಲಿ ಐಸಿಯು ಕೆಲಸ.

ಮೊದಲು ಒಂದು ರಾತ್ರಿಯ ವಿಷಯ ಹೇಳಬೇಕು. ಮುಂದುವರಿದ ನರ್ಸಿಂಗ್ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು.

ನಾನಿನ್ನೂ ಹೊಸಬಳು. ತೊಗರಿ ಹೂ ಬಿಡುವ ಕಾಲ, ಎಲ್ಲ ಕಡೆ ಎಣ್ಣೆ, ಅಂದರೆ ಕೀಟನಾಶಕ ಹೊಡೆಯುತ್ತಿದ್ದರು. ಚಿತ್ತಾಪುರ ಕಡೆಯ ರೈತರೊಬ್ಬರನ್ನು ಕರೆತಂದರು. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ದಿನವಿಡೀ ಪಂಪು ಹೊತ್ತು ಹೊಡೆದಿದ್ದರಂತೆ. ಅಂಗಿ ತೊಯ್ದು ಹೋಗಿತ್ತು, ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಆ ಪಾಳಿಯಲ್ಲಿ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್, ಅಂದರೆ ಗಂಭೀರ ರೋಗಿಗಳ ಆರೈಕೆಯ ಸ್ನಾತಕೋತ್ತರ ಕೋರ್ಸು ಓದಿದ ಒಬ್ಬ ಸಿಸ್ಟರ್ ಇದ್ದರು. ಬಟ್ಟೆ ಬಿಚ್ಚಿಸಿ ಸೋಪು ನೀರಲ್ಲಿ ಮೈ ತೊಳೆಸಿದರು. ಡಾಕ್ಟರಿಗೆ ಹೇಳಿ, ಗೋಡೆಗೆ ಅಂಟಿಸಿದ್ದ ಬರಹದ ಪ್ರಕಾರ ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಶುರು ಮಾಡಿದರು. ಐದೈದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು, ನಾಡಿ ಎಣಿಸುವುದು, ಕಂಕುಳಿಗೆ ಕೈ ಹಾಕಿ ಒಣಗಿದೆಯಾ ಅಂತ ನೋಡುವುದು. ಎದೆಯಲ್ಲಿ ಗುಳುಗುಳು ಇನ್ನೂ ಇದೆ ಅಂದರೆ ಡೋಸ್ ಇಮ್ಮಡಿ. ಎದೆ ತಿಳಿಯಾದ ಕೂಡಲೇ ಇಮ್ಮಡಿ ಮಾಡುವುದು ನಿಲ್ಲಿಸಿ ಡ್ರಿಪ್‌ಗೆ ಬಂದರು. ಅಟ್ರೋಪಿನ್ ಜಾಸ್ತಿ ಆದರೆ ಜ್ವರ ಏರುತ್ತದೆ, ರೋಗಿ ಬಡಬಡಿಸಲು ಶುರು ಮಾಡುತ್ತಾನೆ, ಹೊಟ್ಟೆಯ ಸದ್ದು ನಿಲ್ಲುತ್ತದೆ. ಬೆಳಗಿನ ತನಕ ಅವರು ಅದನ್ನೇ ಕಾಯುತ್ತಾ ಕೂತಿದ್ದರು.

ನಾನು ಪಕ್ಕದಲ್ಲಿ ನಿಂತು ಚಾರ್ಟ್ ಬರೆಯುತ್ತಿದ್ದೆ. ಅವರು ನೋಡಿ ತೀರ್ಮಾನ ಮಾಡುತ್ತಿದ್ದರು, ನಾನು ಹೇಳಿದ್ದನ್ನು ಮಾಡುತ್ತಿದ್ದೆ. ಈ ಎರಡರ ನಡುವೆ ಇರುವ ಓದು ಮತ್ತು ವರ್ಷಗಳನ್ನು ಹೇಗೆ ದಾಟಬೇಕು ಅನ್ನೋದೇ ಈ ಬರಹದ ವಿಷಯ.

ಮೊದಲು ಪಿಯುಸಿ ಅಂಕಪಟ್ಟಿ ತೆಗೆದು ನೋಡಿ

ಬಿಕಾಂ ಆಗಿರಲಿ, ಎಂಎ ಆಗಿರಲಿ, ಬಿಎಡ್ ಆಗಿರಲಿ, ನರ್ಸಿಂಗ್ ಪ್ರವೇಶಕ್ಕೆ ಆ ಪದವಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ವರ್ಷವೂ ಕಡಿಮೆ ಆಗುವುದಿಲ್ಲ. ಇದನ್ನು ಕೇಳಿದಾಗ ನನಗೆ ತುಂಬಾ ಬೇಜಾರಾಗಿತ್ತು, ನಿಮಗೂ ಆಗುತ್ತದೆ. ಲೆಕ್ಕಕ್ಕೆ ಬರುವುದು ಪಿಯುಸಿ ಮಾತ್ರ.

ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ 45 ಬೇಕು. ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ, ಶೇ 40 ಸಾಕು. ಆದರೆ ಅಲ್ಲಿ ವಯಸ್ಸಿನ ಬೇಲಿ ಇದೆ, 35 ದಾಟಿರಬಾರದು. ಎರಡು ವರ್ಷದ ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸು ಅಂತ ಇನ್ನೊಂದಿದೆ, ಅದು ಹೆಣ್ಣುಮಕ್ಕಳಿಗೆ ಮಾತ್ರ. ನರ್ಸ್ ಪ್ರಾಕ್ಟಿಷನರ್ ತನಕ ಹೋಗಬೇಕು ಅನ್ನುವವರಿಗೆ ಎಎನ್‌ಎಂ ಬೇಡ ಅಂತಲೇ ಹೇಳುತ್ತೇನೆ. ಅಲ್ಲಿಂದ ಮೇಲೆ ಹತ್ತಬೇಕಾದರೆ ಮತ್ತೆ ಜಿಎನ್‌ಎಂ ಮೆಟ್ಟಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಹಾಗಾಗಿ ಆಶಾ ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ಇದೇ ವರ್ಷ ಜಿಎನ್‌ಎಂ ಅರ್ಜಿ ಹಾಕ್ರಿ, ಮುಂದಿನ ವರ್ಷ ನೋಡೋಣ ಅನ್ಬ್ಯಾಡ್ರಿ." ಅವರದು ಆರ್ಟ್ಸ್ ಪಿಯುಸಿ. ಹಳ್ಳಿಯ ಬಾಣಂತಿ, ಕೂಸು, ಚುಚ್ಚುಮದ್ದು ಎಲ್ಲ ಅವರಿಗೆ ಕರತಲಾಮಲಕ. ಮತ್ತೆ ವಿಜ್ಞಾನ ಓದಿಕೊಂಡು ಬರುತ್ತೇನೆ ಅಂದರೆ ಅಷ್ಟರಲ್ಲಿ ಜಿಎನ್‌ಎಂ ಬಾಗಿಲೇ ಮುಚ್ಚಿರುತ್ತದೆ.

ಹುಮನಾಬಾದಿನ ಹುಡುಗನದು ಸುಲಭ. ಪಿಯುಸಿ ಸೈನ್ಸ್, ಶೇ 58. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನಿಂದ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದಾ ಅಂತ ಕೇಳಿದ. ಇಲ್ಲ. ನರ್ಸಿಂಗ್‌ನಲ್ಲಿ ಆ ತರಹದ ಪ್ರವೇಶವೇ ಇಲ್ಲ. ಮೊದಲ ಸೆಮಿಸ್ಟರ್‌ನಿಂದಲೇ ಕೂರಬೇಕು. ಆದರೂ ಅವನಿಗೆ ನಾನು ಹೇಳಿದ್ದು ಬಿಎಸ್ಸಿ.

ಶಹಾಪುರದವಳದು ಕಷ್ಟದ ಲೆಕ್ಕ. ಕಾಮರ್ಸ್ ಪಿಯುಸಿ, ಇಪ್ಪತ್ತೊಂಬತ್ತು ವಯಸ್ಸು, ಮನೆಯಲ್ಲಿ ಅವ್ವ ಮತ್ತು ತಮ್ಮನ ಓದು. ಅವಳ ಮುಂದೆ ನಿಜವಾಗಿ ಎರಡು ದಾರಿ ಇದ್ದವು, ಅದಕ್ಕೇ ಅವಳ ಜೊತೆ ಜಾಸ್ತಿ ಹೊತ್ತು ಕೂತೆ.

ವರ್ಷಗಳನ್ನು ಕೊನೆಯಿಂದ ಎಣಿಸಿ

ಎಲ್ಲರೂ ಮಾಡುವ ತಪ್ಪು ಒಂದಿದೆ. "ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನಾಲ್ಕು, ಅಂದ್ರೆ ಜಿಎನ್‌ಎಂ ಬೇಗ" ಅಂತ ಲೆಕ್ಕ ಹಾಕುತ್ತಾರೆ. ನರ್ಸ್ ಆಗುವುದಷ್ಟೇ ಗುರಿ ಆದರೆ ಈ ಲೆಕ್ಕ ಸರಿ. ಮುಂದೆ ಹೋಗಬೇಕು ಅಂದರೆ ತಿರುಗಿಬೀಳುತ್ತದೆ.

ಬಿಎಸ್ಸಿ ದಾರಿ: ನಾಲ್ಕು ವರ್ಷ ಓದು, ನೋಂದಣಿ, ಒಂದು ವರ್ಷ ವಾರ್ಡಿನ ಕೆಲಸ, ಎರಡು ವರ್ಷ ಎಂಎಸ್ಸಿ ಅಥವಾ ನರ್ಸ್ ಪ್ರಾಕ್ಟಿಷನರ್ ಕೋರ್ಸು. ಒಟ್ಟು ಏಳು.

ಜಿಎನ್‌ಎಂ ದಾರಿ: ಮೂರು ವರ್ಷ ಡಿಪ್ಲೊಮಾ, ಎರಡು ವರ್ಷ ಪೋಸ್ಟ್ ಬೇಸಿಕ್ ಬಿಎಸ್ಸಿ, ಮುಂಚೆಯೋ ಆಮೇಲೋ ಒಂದು ವರ್ಷ ಕೆಲಸ, ಎರಡು ವರ್ಷ ಎಂಎಸ್ಸಿ. ಒಟ್ಟು ಎಂಟು.

ಇನ್ನು ಶಹಾಪುರದವಳು ಬಿಎಸ್ಸಿಗೇ ಹೋಗಬೇಕು ಅಂದರೆ ಮೊದಲು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ವಿಜ್ಞಾನದ ಪಿಯುಸಿ ಬರೆಯಬೇಕು. ಬಿಎಸ್ಸಿ ನರ್ಸಿಂಗ್‌ಗೆ ಆ ಪ್ರಮಾಣಪತ್ರ ನಡೆಯುತ್ತದೆ. ಅದಕ್ಕೆ ಒಂದು ವರ್ಷ ಹಿಡಿಯಿರಿ. ಆಗ ಅವಳದೂ ಎಂಟು ವರ್ಷ. ನೋಡಿ, ಎರಡೂ ಸರಿಸಮ ಆಯಿತಲ್ವಾ? ಹಾಗಾದರೆ ಆಯ್ಕೆ ನಿಲ್ಲುವುದು ವರ್ಷದ ಮೇಲೆ ಅಲ್ಲ, ಕೈಯಲ್ಲಿ ರೊಕ್ಕ ಯಾವಾಗ ಬರುತ್ತದೆ ಅನ್ನೋದರ ಮೇಲೆ.

ಮುಕ್ತ ಶಾಲೆಯ ವರ್ಷದಲ್ಲಿ ಅವಳು ಈಗಿನ ಕೆಲಸ ಬಿಡಬೇಕಿಲ್ಲ. ಆಮೇಲೆ ನಾಲ್ಕು ವರ್ಷ ಸಂಬಳ ಇಲ್ಲ. ಜಿಎನ್‌ಎಂ ಆದರೆ ಇವತ್ತೇ ಕೆಲಸ ಬಿಡಬೇಕು, ಆದರೆ ಮೂರು ವರ್ಷಕ್ಕೆ ನರ್ಸ್ ಆಗಿ ಸಂಬಳ ಶುರು. ಅಲ್ಲಿಂದ ಮುಂದೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದ ಪೋಸ್ಟ್ ಬೇಸಿಕ್ ಬಿಎಸ್ಸಿ ಅಂತ ಇದೆ. ನೋಂದಣಿ ಆಗಿ ಎರಡು ವರ್ಷ ಕೆಲಸ ಮಾಡಿದ ನರ್ಸುಗಳಿಗೆ ಅದು, ಕಡಿಮೆ ಅಂದರೆ ಮೂರು ವರ್ಷ ಹಿಡಿಯುತ್ತದೆ, ನೌಕರಿ ಇಟ್ಟುಕೊಂಡೇ ಓದಬಹುದು. ಎಂಎಸ್ಸಿ ಸೇರಿಸಿದರೆ ಹತ್ತು ವರ್ಷ. ಉದ್ದ ಹೌದು. ಆದರೆ ಆ ಹತ್ತರಲ್ಲಿ ಐದು ವರ್ಷ ಮನೆಗೆ ಸಂಬಳ ಬರುತ್ತಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ನಾಲ್ಕು ವರ್ಷ ಮನೆ ಹೇಗೋ ನಡೆಯುತ್ತದೆ ಅನ್ನುವವರು ಬಿಎಸ್ಸಿ ಬಿಡಬೇಡಿ. ಒಂದೇ ಬಾರಿಗೆ ಪದವಿ ಕೈಗೆ ಬರುತ್ತದೆ, ಮೇಲಿನ ಎಲ್ಲ ಬಾಗಿಲೂ ತೆರೆಯುತ್ತದೆ. ಮನೆಯ ಭಾರ ಹೆಗಲ ಮೇಲೆ ಇರುವವರು ಜಿಎನ್‌ಎಂಗೆ ಬನ್ನಿ, ಆದರೆ ಸೇರುವ ದಿನವೇ ಪೋಸ್ಟ್ ಬೇಸಿಕ್ ಯಾವ ವರ್ಷ ಅಂತ ಡೈರಿಯಲ್ಲಿ ಬರೆದಿಡಿ. ಜಿಎನ್‌ಎಂ ಮುಗಿದು ಸಂಬಳ ಕಂಡ ಮೇಲೆ, ಮದುವೆ, ಮಕ್ಕಳು, ರಾತ್ರಿ ಪಾಳಿ ಅಂತ ಓದು ನಿಂತುಹೋದವರು ನನ್ನ ಬ್ಯಾಚಿನಲ್ಲೇ ಎಷ್ಟೋ ಜನ.

ಪ್ರವೇಶದ ವಿಷಯ ಚುಟುಕಾಗಿ. ಬಿಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ, ಸಿಇಟಿ ಬರೆದು ಪಡೆಯಬೇಕು. ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಎರಡರಲ್ಲೂ ಪಾಠ, ಪರೀಕ್ಷೆ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದವರಿಗೆ ಮೊದಲ ಆರು ತಿಂಗಳು ಅಂಗರಚನೆಯ ಹೆಸರುಗಳೇ ಬೆಟ್ಟ. ನಾನು ಪ್ರತಿ ಎಲುಬಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ಅಡುಗೆಮನೆ ಡಬ್ಬಿಗಳ ಮೇಲೆ ಅಂಟಿಸಿದ್ದೆ. ಜೋಳದ ಹಿಟ್ಟಿನ ಡಬ್ಬಿ ಮೇಲೆ "ಫೀಮರ್". ಇವತ್ತಿಗೂ ನಮ್ಮ ಅತ್ತೆಗೆ ಆ ಹೆಸರು ನೆನಪಿದೆ.

"ಕಾಲೇಜಿಗೆ ಬರೋದು ಬ್ಯಾಡ, ಪರೀಕ್ಷೆ ಬರೀರಿ ಸಾಕು"

ಈ ಮಾತು ಕೇಳಿದ ಜಾಗದಿಂದ ಎದ್ದು ಬನ್ನಿ. ಕೆಲಸ ಬಿಟ್ಟು ಬರುವವರಿಗೇ ಈ ಬಲೆ ಹಾಕುತ್ತಾರೆ, ಯಾಕೆಂದರೆ ನಮಗೇ ಅದು ಬೇಕು ಅನ್ನಿಸುತ್ತದೆ. ಕೆಲಸವೂ ಇರುತ್ತದೆ, ಸರ್ಟಿಫಿಕೇಟೂ ಬರುತ್ತದೆ.

ನಾನೇ ಒಮ್ಮೆ ಬಿದ್ದಿದ್ದೇನೆ. ಜಿಎನ್‌ಎಂಗೆ ಮುಂಚೆ ಒಂದು ತರಬೇತಿ ಕೇಂದ್ರದವರು "ಇದೂ ನರ್ಸಿಂಗ್ ಡಿಪ್ಲೊಮಾನೇ, ಭಾನುವಾರ ಕ್ಲಾಸು" ಅಂತ ಸೇರಿಸಿಕೊಂಡರು. ಒಂದು ವರ್ಷ ಹೋಯಿತು, ಅಪ್ಪ ಎಮ್ಮೆ ಮಾರಿ ಕೊಟ್ಟ ಮೂವತ್ತೈದು ಸಾವಿರ ಹೋಯಿತು. ಕೊನೆಗೆ ಕೊಟ್ಟ ಕಾಗದ ತಗೊಂಡು ಹೋದರೆ ನೋಂದಣಿಯೇ ಆಗುವುದಿಲ್ಲ ಅಂದರು. ನರ್ಸಿಂಗ್ ಅಸಿಸ್ಟೆಂಟ್, ಹೋಮ್ ನರ್ಸಿಂಗ್ ಅನ್ನುವ ಕೋರ್ಸುಗಳಿಂದ ನೋಂದಾಯಿತ ನರ್ಸ್ ಆಗಲು ಬರುವುದಿಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ಬರುವುದು ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿಯವರದು.

ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಬಿಎಸ್ಸಿಗೆ ಪರೀಕ್ಷೆ ಬರೆಯಲು ಪ್ರತಿ ವಿಷಯದಲ್ಲೂ ಶೇ 80 ಹಾಜರಿ ಬೇಕು. ಪದವಿ ಕೈಗೆ ಬರಬೇಕಾದರೆ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ನೂರಕ್ಕೆ ನೂರು. ಅಂದಮೇಲೆ ಹಾಜರಿ ಬೇಡ ಅನ್ನುವವರು ಸುಳ್ಳು ಹಾಜರಿ ಬರೆಯುತ್ತಾರೆ ಅಂತಲೇ ಅರ್ಥ. ಆ ಸುಳ್ಳಿನ ಬೆಲೆ ಯಾರು ಕಟ್ಟುತ್ತಾರೆ? ನಾಳೆ ಐಸಿಯುನಲ್ಲಿ ಕಂಕುಳಿಗೆ ಕೈ ಹಾಕಿ ನೋಡಬೇಕಾದಾಗ ಏನು ನೋಡಬೇಕು ಅಂತ ಗೊತ್ತಿಲ್ಲದ ನರ್ಸಿನ ಮುಂದೆ ಮಲಗಿರುವ ರೋಗಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಎರಡು ಪ್ರಶ್ನೆ ಕೇಳಿ. ನಿಮ್ಮ ಸ್ವಂತ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇವೆ? ಎರಡನೇ ವರ್ಷದ ಮಕ್ಕಳು ಇವತ್ತು ಯಾವ ವಾರ್ಡಿನಲ್ಲಿದ್ದಾರೆ? ಆಮೇಲೆ ಆ ವಾರ್ಡಿಗೇ ಹೋಗಿ ನೋಡಿ. ಮಕ್ಕಳು ಅಲ್ಲಿ ಬಿಪಿ ನೋಡುತ್ತಾ, ಹಾಸಿಗೆ ಸರಿ ಮಾಡುತ್ತಾ ಇದ್ದರೆ ಆ ಕಾಲೇಜು ನಡೆಯುತ್ತಿದೆ ಅಂತ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಬೋಧಕ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತರೆ ಯಾವ ಕಾಲೇಜಿನ ಮಕ್ಕಳು ನಿಜವಾಗಿ ಬರುತ್ತಾರೆ ಅಂತ ಸಮವಸ್ತ್ರವೇ ಹೇಳುತ್ತದೆ. ಫೀಸಿನ ಮಾತಿಗೆ ಬಂದರೆ, ನಾಲ್ಕೂ ವರ್ಷದ್ದು, ಹಾಸ್ಟೆಲ್, ಪರೀಕ್ಷೆ, ಕ್ಲಿನಿಕಲ್ ಫೀಸು ಎಲ್ಲ ಸೇರಿಸಿ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಬರೆದು ಕೊಡದಿದ್ದರೆ ಮುಂದಿನ ಕಾಲೇಜಿಗೆ ಹೋಗಿ.

ಮೇಲೆ ಹತ್ತಿದ ಮೇಲೆ ಎಲ್ಲಿಗೆ?

ಇಲ್ಲಿ ನಾಲ್ಕು ಹೆಸರುಗಳು ಗೊಂದಲ ಮಾಡುತ್ತವೆ, ನಿಧಾನವಾಗಿ ನೋಡೋಣ.

ಎಂಎಸ್ಸಿ ನರ್ಸಿಂಗ್ ಎರಡು ವರ್ಷ, ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್‌ನಲ್ಲಿ ಶೇ 55 ಬೇಕು. ಐದು ವಿಭಾಗ ಇವೆ: ಮೆಡಿಕಲ್ ಸರ್ಜಿಕಲ್, ಸಮುದಾಯ ಆರೋಗ್ಯ, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮನೋರೋಗ. ಮುಗಿಸಿದವರಲ್ಲಿ ಬಹಳ ಜನ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಾರೆ. ಮೊದಲು ಶಿಕ್ಷಕರಾಗಿದ್ದವರಿಗೆ ಇದು ಹೇಳಿ ಮಾಡಿಸಿದ ದಾರಿ.

ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್, ಬಾಯಿಮಾತಲ್ಲಿ ಎನ್‌ಪಿಸಿಸಿ, ಇದೂ ಸ್ನಾತಕೋತ್ತರವೇ, ಇದೂ ಎರಡು ವರ್ಷ. ಆದರೆ ಓದುವ ರೀತಿ ಪೂರ್ತಿ ಬೇರೆ. ಐದರಲ್ಲಿ ಒಂದು ಪಾಲು ಪಾಠ, ಉಳಿದ ನಾಲ್ಕು ಪಾಲು ರೋಗಿಯ ಹಾಸಿಗೆ ಪಕ್ಕದಲ್ಲಿ. ಬಿಎಸ್ಸಿ ನರ್ಸಿಂಗ್‌ನಲ್ಲಿ ಶೇ 55 ಅಂಕ, ಕನಿಷ್ಠ ಒಂದು ವರ್ಷದ ಅನುಭವ ಬೇಕು, ಆ ಅನುಭವ ಐಸಿಯು ಕಡೆಯದಾದರೆ ಒಳ್ಳೆಯದು. ಪೋಸ್ಟ್ ಬೇಸಿಕ್ ಮಾಡಿದವರು ಅರ್ಜಿಗೆ ಮುಂಚೆಯೇ ಆ ಕಾಲೇಜಿನಿಂದ ಅರ್ಹತೆಯ ಮಾತನ್ನು ಬರಹದಲ್ಲಿ ಪಡೆಯಿರಿ. ಅಟ್ರೋಪಿನ್ ಕೊಟ್ಟ ಆ ಸಿಸ್ಟರ್ ಓದಿದ್ದು ಇದನ್ನೇ.

ಒಂದು ಮಾತು ಮುಚ್ಚಿಡಬಾರದು. ನಮ್ಮಲ್ಲಿ ನರ್ಸ್ ಪ್ರಾಕ್ಟಿಷನರ್ ಅಂದರೆ ಸ್ವಂತ ಕ್ಲಿನಿಕ್ ಹಾಕಿ ಔಷಧ ಚೀಟಿ ಬರೆಯುವವರು ಅಲ್ಲ. ಆಸ್ಪತ್ರೆಯ ಲಿಖಿತ ಪ್ರೋಟೊಕಾಲ್ ಒಳಗೆ, ಡಾಕ್ಟರ್ ಜೊತೆಗೂಡಿ ತೀರ್ಮಾನ ಮಾಡುವವರು. ಕೋರ್ಸ್ ಮುಗಿಸಿದವರೂ ಬಹಳ ಕಡೆ ಶುಶ್ರೂಷಾಧಿಕಾರಿ ಹುದ್ದೆಯಲ್ಲೇ ಇರುತ್ತಾರೆ. ಹುದ್ದೆಯ ಹೆಸರಿಗಾಗಿ, ಸಂಬಳದ ಜಿಗಿತಕ್ಕಾಗಿ ಬರುವವರಿಗೆ ನಿರಾಸೆ ಆಗಬಹುದು. ಗಂಭೀರ ರೋಗಿಯ ಪಕ್ಕದಲ್ಲಿ ಗೊತ್ತಿದ್ದು ನಿಲ್ಲಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಓದು ಇಲ್ಲ.

ಈ ನಾಲ್ಕರ ಹೊರಗೆ, ಮತ್ತೆ ಎರಡು ವರ್ಷ ಕೆಲಸ ಬಿಡಲು ಆಗದವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಕ್ರಿಟಿಕಲ್ ಕೇರ್, ಕ್ಯಾನ್ಸರ್, ನವಜಾತ ಶಿಶು, ತುರ್ತು ಚಿಕಿತ್ಸೆ ಹೀಗೆ. ಜಿಎನ್‌ಎಂ ಆದವರೂ ಸೇರಬಹುದು. ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಯಲ್ಲೇ ಇರುವಾಗ ಹೃದಯದ ನರ್ಸಿಂಗ್ ಕಲಿತವರು ಊರು ಬಿಟ್ಟು ಹೋಗಲೇಬೇಕು ಅಂತೇನಿಲ್ಲ.

ಮೂರನೆಯದು ಮಿಡ್‌ವೈಫರಿ. ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಇದರ ಮಾರ್ಗಸೂಚಿ ತಂದಿತು. 18 ತಿಂಗಳ ನರ್ಸ್ ಪ್ರಾಕ್ಟಿಷನರ್ ಮಿಡ್‌ವೈಫ್ ತರಬೇತಿ. ಜಿಎನ್‌ಎಂ, ಬಿಎಸ್ಸಿ ಇಬ್ಬರಿಗೂ ಇದೆ, ಹೆರಿಗೆ ಮಾಡಿಸಿದ ಅನುಭವ ಬೇಕು. ಸಹಜ ಹೆರಿಗೆಯನ್ನು ಇವರೇ ನೋಡಿಕೊಳ್ಳುತ್ತಾರೆ, ತೊಡಕು ಕಂಡರೆ ಡಾಕ್ಟರಿಗೆ ಒಪ್ಪಿಸುತ್ತಾರೆ. ಆಶಾ ಅಕ್ಕನಿಗೆ ನಾನು ತೋರಿಸಿದ ಗುರಿ ಇದು. ಅವರು ಎಷ್ಟು ಬಸುರಿಯರನ್ನು ನಡುರಾತ್ರಿ ಆಂಬುಲೆನ್ಸ್ ಹತ್ತಿಸಿದ್ದಾರೋ ಲೆಕ್ಕ ಇಲ್ಲ. ಆಸ್ಪತ್ರೆ ಬಾಗಿಲ ತನಕ ಬಂದು ನಿಲ್ಲುತ್ತಿದ್ದವರು ಒಳಗೆ ಹೋಗಿ ಕೂಸನ್ನು ಕೈಯಲ್ಲಿ ಹಿಡಿಯಬೇಕು.

ನಾಲ್ಕನೆಯದು ಸಮುದಾಯ ಆರೋಗ್ಯ ಅಧಿಕಾರಿ, ಸಿಎಚ್‌ಒ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂತು ಬಿಪಿ, ಸಕ್ಕರೆ ಕಾಯಿಲೆಯವರನ್ನು ನೋಡುವುದು, ಡಾಕ್ಟರ್ ಬರೆದ ಮಾತ್ರೆ ಮುಂದುವರಿಸಿ ಕೊಡುವುದು, ಬೇಕಾದಾಗ ಇ-ಸಂಜೀವಿನಿ ಅನ್ನುವ ಸರ್ಕಾರಿ ವಿಡಿಯೊ ಸೇವೆಯಲ್ಲಿ ಡಾಕ್ಟರಿಗೆ ತೋರಿಸುವುದು. ಬಿಎಸ್ಸಿ ನರ್ಸಿಂಗ್ ಆದವರಿಗೆ ಇದು ಬೇಗ ಸಿಗುವ ಕೆಲಸ, ಆದರೆ ಗುತ್ತಿಗೆ ಆಧಾರ. ಶಹಾಪುರದವಳಿಗೆ ಊರೂರು ತಿರುಗಿ, ಜನರ ಮನೆ ಬಾಗಿಲಲ್ಲಿ ಮಾತಾಡಿ ಅಭ್ಯಾಸ ಇದೆ. ಅವಳಿಗೆ ಇದು ಒಗ್ಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅಮೆರಿಕದ ವಿಡಿಯೊ ನೋಡಿದವರಿಗೆ

"ಅಕ್ಕೋರೆ, ಬ್ಯಾರೆ ಡಿಗ್ರಿ ಇದ್ದವ್ರಿಗಿ ಒಂದ್ ವರ್ಷದ ನರ್ಸಿಂಗ್ ಅದ ಅಂತ ಮೊಬೈಲ್‌ನಾಗ ನೋಡೀನಿ" ಅಂತ ಹುಮನಾಬಾದಿನ ಹುಡುಗ ಹೇಳಿದ. ಸುಳ್ಳಲ್ಲ, ಆದರೆ ಅದು ಅಮೆರಿಕದ ವ್ಯವಸ್ಥೆ. ಅಲ್ಲಿ ಬೇರೆ ಪದವಿ ಇದ್ದವರಿಗೆ 12ರಿಂದ 18 ತಿಂಗಳ ವೇಗದ ಬಿಎಸ್ಸಿ ನರ್ಸಿಂಗ್ ಇದೆ. ನೇರವಾಗಿ ಸ್ನಾತಕೋತ್ತರಕ್ಕೆ ಸೇರುವ ಕೋರ್ಸುಗಳೂ ಇವೆ. ಎರಡೂ ದಾರಿಯವರು ಎನ್‌ಕ್ಲೆಕ್ಸ್ ಅನ್ನುವ ಪರವಾನಗಿ ಪರೀಕ್ಷೆ ಪಾಸಾಗಲೇಬೇಕು. ನರ್ಸ್ ಪ್ರಾಕ್ಟಿಷನರ್ ಆಗಲು ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಬೇಕು. ಭಾರತದಲ್ಲಿ ಆ ವೇಗದ ದಾರಿ ಇಲ್ಲ. ಯಾರಾದರೂ ಇಲ್ಲೇ ಕೊಡಿಸುತ್ತೇನೆ ಅಂದರೆ ನನ್ನ ಅಪ್ಪನ ಎಮ್ಮೆಯನ್ನು ನೆನಪು ಮಾಡಿಕೊಳ್ಳಿ.

ಅರ್ಜಿಗೂ ಮುಂಚೆ ಒಂದು ಕಾಗದ

ನಮ್ಮ ಭಾಗದವರ ಕೈಯಲ್ಲಿ ಒಂದು ಬಲವಾದ ಕಾಗದ ಇದೆ, 371ಜೆ ಅರ್ಹತಾ ಪ್ರಮಾಣಪತ್ರ. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದದ್ದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8. ಆಮೇಲೆ ನೌಕರಿಗೂ ಇದೇ ಕಾಗದ, ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80. ಇಲ್ಲಿ ಹುಟ್ಟಿದವರಿಗೆ ಅಥವಾ ಹತ್ತು ವರ್ಷ ವಾಸ ಇದ್ದವರಿಗೆ ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುತ್ತದೆ. ಸಿಇಟಿ ಅರ್ಜಿ ಶುರುವಾದ ಮೇಲೆ ಓಡಾಡಿದರೆ ಕೈಗೆ ಬರುವಷ್ಟರಲ್ಲಿ ಕೊನೆ ದಿನ ಮುಗಿದಿರುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರವನ್ನೂ ಅದೇ ಓಡಾಟದಲ್ಲಿ ಮಾಡಿಸಿಡಿ.

ಆಶಾ ಅಕ್ಕ ಜಿಎನ್‌ಎಂ ಅರ್ಜಿ ಹಾಕಿಬಿಟ್ಟಿದ್ದಾರೆ. ಹುಮನಾಬಾದಿನ ಹುಡುಗ ರಾತ್ರಿ ಲ್ಯಾಬ್ ಮುಗಿಸಿ ಸಿಇಟಿಗೆ ಓದುತ್ತಿದ್ದಾನೆ. ಶಹಾಪುರದವಳು ಎರಡು ವಾರ ಯೋಚನೆ ಮಾಡಿ ಮುಕ್ತ ಶಾಲೆ ಆರಿಸಿಕೊಂಡಳು. ನಾನು ಜಿಎನ್‌ಎಂ ಅಂದಿದ್ದೆ, ಅವಳು ಒಪ್ಪಲಿಲ್ಲ. "ತಮ್ಮನ ಓದು ಬರೋ ವರ್ಷ ಮುಗೀತದ ಅಕ್ಕೋರೆ, ಅಲ್ಲಿ ತನಕ ನಂದು ಸಂಬಳ ಬೇಕೇ ಬೇಕು" ಅಂದಳು. ಅವಳ ಮನೆಯ ಲೆಕ್ಕ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಹೋದ ಭಾನುವಾರ ಜೀವಶಾಸ್ತ್ರದ ಪುಸ್ತಕ ತಗೊಂಡು ಬಂದಿದ್ದಳು. ಹೃದಯದ ನಾಲ್ಕು ಕೋಣೆಯ ಚಿತ್ರವನ್ನು ವಸೂಲಿ ಡೈರಿಯ ಹಿಂದಿನ ಪುಟದಲ್ಲಿ ಬರೆದಿದ್ದಳು. ಎಡ, ಬಲ ಅದಲುಬದಲಾಗಿತ್ತು. ಕೂತು ತಿದ್ದಿಕೊಟ್ಟೆ.